ಸುಬ್ಬಯ್ಯನ ಮೀಸೆ

ಸಿದ್ಧಕಟ್ಟೆಯ ಸುಬ್ಬಯ್ಯ ಶೆಟ್ಟಿಯ ಮೀಸೆಗೆ ಮಳೆಗಾಲದ ಆಯುಷ್ಯ ಮಾತ್ರ. ಯಕ್ಷಗಾನದ ಡೇರೆ ಮೇಳವೊಂದರಲ್ಲಿ ಅವನು ಸ್ತ್ರೀವೇಷಧಾರಿ. ಮೇ ಕೊನೆಯ ಪತ್ತನಾಜೆಗೆ ತಿರುಗಾಟ ಮುಗಿಸಿ ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ ಮೂಗಿನ ಕೆಳಗೆ ಕಪ್ಪು ಮೂಡುತ್ತಿತ್ತು. ದೀಪಾವಳಿ ಕಳೆದು ಮೇಳ ಹೊರಡುವಾಗ ಬ್ಲೇಡಿಗೆ ಹೋಗುತ್ತಿತ್ತು.

ತೋಡಾರಿನ ಜಲಜಾಕ್ಷಿಯನ್ನು ಮದುವೆಯಾದದ್ದು ಆಷಾಢದ ಆಟಿ ತಿಂಗಳು ಕಳೆದ ಮೇಲೆ. ಅವಳು ಕಟ್ಟಿಕೊಂಡದ್ದು ಗಿರಿಜಾಮೀಸೆಯ ಗಂಡನನ್ನು. ಹೊಸ ಸೀರೆಯ ಮಡಿಕೆ ಮಾಸುವ ಮೊದಲೇ ಗಂಡ ಕನ್ನಡಿ ಹಿಡಿದು ಮೀಸೆ ಬೋಳಿಸಿ, ಹುಬ್ಬು ತಿದ್ದಲು ಕೂತರೆ ಪಾಪ, ಅವಳಾದರೂ ಏನು ಮಾಡಬೇಕು?

"ನಿಮ್ಮ ಮನೆಯಲ್ಲಿ ಸೀರೆ ಯಾರದ್ದು ಹೆಚ್ಚು ಅಂತ ಬಾವಿಕಟ್ಟೆಯಲ್ಲಿ ಕೇಳ್ತಾರೆ. ಬಿ.ಸಿ. ರೋಡಿನಲ್ಲಿ ನನ್ನ ಅಣ್ಣನ ಹೋಟೆಲ್ ಉಂಟಲ್ಲ, ಕ್ಯಾಶಿನಲ್ಲಿ ಕೂತ್ಕೊಳ್ಳಿ ಮಾರಾಯ್ರೆ" ಎಂದು ಪ್ರತಿ ದೀಪಾವಳಿಗೂ ಗೋಗರೆಯುತ್ತಿದ್ದಳು.

ಸುಬ್ಬಯ್ಯನಿಗೆ ಸಿಟ್ಟು ಬರುತ್ತಿರಲಿಲ್ಲ, ನಾಚಿಕೆಯಾಗುತ್ತಿತ್ತು. ಕಟ್ಟಿಕೊಂಡವಳ ಎದುರು ಹೆಣ್ಣಾಗಿ ಕುಣಿಯುವುದು ಹೇಗೆ? ತೋಡಾರಿನ ಗದ್ದೆಯಲ್ಲೇ ಯಕ್ಷಗಾನದ ಆಟವಾದಾಗಲೂ ಅವಳನ್ನು ಬಾ ಎನ್ನಲಿಲ್ಲ. ಅವಳಿಗೆ ಇದೆಲ್ಲ ಅಸಹ್ಯ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದ, ಹುಚ್ಚಪ್ಪ.

ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಮೇಳದ ಹಿರಿಯ ಸ್ತ್ರೀವೇಷಧಾರಿ ನಿವೃತ್ತರಾದರು. "ಈ ಸಲ ರಾಣಿ ನೀನೇ" ಎಂದು ಯಜಮಾನರು ಹೇಳಿ ಕಳಿಸಿದರು. ಚಡ್ಡಿ ಹಾಕುವ ಕಾಲದಿಂದ ಸುಬ್ಬಯ್ಯ ಕನಸು ಕಂಡದ್ದು ಅದೊಂದನ್ನೇ. ಆದರೆ ಜಲಜಾಕ್ಷಿ ಬಸುರಿ. "ಹುಟ್ಟುವ ಮಗುವಿಗೆ ಅಪ್ಪ ಮನೆಯಲ್ಲಿ ಬೇಡವಾ?" ಎಂದು ಕಣ್ಣೊರೆಸಿಕೊಂಡಳು. ಅವನು ಕೈಗೆತ್ತಿಕೊಂಡ ಬ್ಲೇಡನ್ನು ಕೆಳಗಿಟ್ಟ. ಆ ವರ್ಷ ಮೀಸೆ ಉಳಿಯಿತು, ಮೇಳ ಅವನನ್ನು ಬಿಟ್ಟು ಹೊರಟಿತು.

ಹೋಟೆಲಿನಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಮಗಳು ಕಾಂತಿ ಹುಟ್ಟಿದಳು, ಶಾಲೆಗೂ ಸೇರಿದಳು. ಆದರೆ ಮೇಳದ ಜೀಪು ಮೈಕಿನಲ್ಲಿ ಆಟದ ಪ್ರಚಾರ ಮಾಡುತ್ತ ಬೀದಿಯಲ್ಲಿ ಹಾದರೆ ಗಿರಾಕಿಗೆ ಚಿಲ್ಲರೆ ಕೊಡಲು ಮರೆಯುತ್ತಿದ್ದ. ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು. ಆಗ ರಂಗದ ಗ್ಯಾಸ್‌ಲೈಟಿನ ವಾಸನೆ ನೆನಪಾಗುತ್ತಿತ್ತು.

ಎಂಬತ್ತೇಳರಲ್ಲಿ ಸಿದ್ಧಕಟ್ಟೆಯಲ್ಲಿ ಊರವರೇ ಸೇರಿ ಒಂದು ಹಗಲು ಆಟ ಇಟ್ಟುಕೊಂಡರು. ರಾಣಿಯ ವೇಷದವನಿಗೆ ಜ್ವರ. ಊರವರು ಸುಬ್ಬಯ್ಯನ ಮನೆಗೆ ಓಡಿ ಬಂದರು. ಅವನು ಹೆಂಡತಿಯ ಮುಖ ನೋಡಿದ.

"ಮೀಸೆ ಅಲ್ಲವಾ, ಮತ್ತೆ ಬರ್ತದೆ. ಹೋಗಿ" ಎಂದಳು ಜಲಜಾಕ್ಷಿ. ಮಗಳನ್ನು ಕರೆದುಕೊಂಡು ತಾನೂ ಹೊರಟಳು.

ಅಂದು ಸುಬ್ಬಯ್ಯ ಕುಣಿದ. ರಾಣಿ ಮಗುವನ್ನು ಅಗಲುವ ಸನ್ನಿವೇಶದಲ್ಲಿ ಅವನು ಬಿಕ್ಕಿದಾಗ ಇಡೀ ಸಭೆ ಉಸಿರು ಬಿಡಲಿಲ್ಲ.

ಆಟ ಮುಗಿದ ಮೇಲೆ, ಬಣ್ಣ ತೆಗೆಯಲು ತೆಂಗಿನೆಣ್ಣೆಯ ಕುಪ್ಪಿ ಹಿಡಿದು ಜಲಜಾಕ್ಷಿ ವೇಷ ಕಟ್ಟುವ ಚೌಕಿಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಇಷ್ಟು ವರ್ಷದಲ್ಲಿ ಒಂದು ದಿನ ಆಟಕ್ಕೆ ಬಾ ಅಂತ ನನ್ನನ್ನು ಕರೆದದ್ದುಂಟಾ ನೀವು? ಒಮ್ಮೆ ನೋಡಿದ್ದರೆ ಮೇಳ ಬಿಡಿ ಅಂತ ನಾನು ಹೇಳ್ತಿದ್ದೆನಾ?"

ಅವಳು ಅಂಗೈಗೆ ಎಣ್ಣೆ ಸುರಿದು ಸುಬ್ಬಯ್ಯನ ಕೆನ್ನೆಯತ್ತ ಕೈ ಚಾಚಿದಳು. ಅವನು ಆ ಕೈಯನ್ನು ಹಿಡಿದುಕೊಂಡ.

"ಸ್ವಲ್ಪ ತಡಿ ಜಲಜಾ, ಬಣ್ಣ ಇನ್ನೊಂದು ಚೂರು ಹೊತ್ತು ಇರಲಿ" ಎಂದ.