ಸಿಬಿಡಿ ಹನಿ ಮತ್ತು ಏಕಾದಶಿಯ ಕೆಂಪು

ಇದು ಕಳೆದ ವರ್ಷದ ಮಾತು. ಉದ್ದನಪಲ್ಲಿಯ ನಮ್ಮ ಮನೆಯಲ್ಲಿ ನನ್ನ ಉದ್ಯೋಗ ಮನೆಗೆಲಸ. ಅದರಲ್ಲಿ ದೊಡ್ಡ ಹೊಣೆ ಅತ್ತೆಯ ಔಷಧಿ. ಅವರ ಹೃದಯಕ್ಕೆ ಕೃತಕ ಕವಾಟ ಹಾಕಿದ್ದರಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವಂತಿಲ್ಲ.

ಮಂಡಿನೋವು ಅತ್ತೆಯ ನಿದ್ದೆ ಕಿತ್ತುಕೊಂಡಿತ್ತು. ಹೊಸೂರಿನ ಕಾರ್ಖಾನೆಗೆ ಹೋಗುವ ನಮ್ಮ ಯಜಮಾನರು, ಜೊತೆಯವರ ಮಾತು ಕೇಳಿ, ಫೋನಿನಲ್ಲೇ ವೈದ್ಯರೊಬ್ಬರ ಚೀಟಿ ಪಡೆದು ಸಿಬಿಡಿ ಟಿಂಕ್ಚರ್ ತರಿಸಿದರು. ಸಿಬಿಡಿ ಎಂದರೆ ಗಾಂಜಾ ಗಿಡದಲ್ಲಿರುವ, ಅಮಲೇರಿಸದ ಅಂಶ. ಅದರ ಸಾರವನ್ನು ನಾಲಿಗೆ ಕೆಳಗೆ ಹನಿ ಹನಿಯಾಗಿ ಬಿಡಬೇಕು. ಬೇರೆ ಮಾತ್ರೆಗಳ ಬಗ್ಗೆ ಆ ವೈದ್ಯರು ಕೇಳಲಿಲ್ಲ; ಸೊಪ್ಪಿನ ಔಷಧಿ ತಾನೆ ಎಂದುಕೊಂಡು ಇವರೂ ಹೇಳಲಿಲ್ಲ.

ಗುಣವೇನೋ ಕಂಡಿತು. ಅತ್ತೆ ಕಣ್ತುಂಬ ನಿದ್ದೆ ಮಾಡಿದರು, ಗೋಡೆ ಹಿಡಿಯದೆ ತುಳಸಿಕಟ್ಟೆ ಸುತ್ತಿದರು. ಬಾಯಿ ಒಣಗುತ್ತದೆ, ಹಗಲಲ್ಲೂ ಮಂಪರು ಎನ್ನುತ್ತಿದ್ದರು, ಅಷ್ಟೆ.

ಅವರ ಬಾಯಲ್ಲಿ ಸದಾ ಎಲೆ ಅಡಿಕೆ. ಏಕಾದಶಿ ಉಪವಾಸದಂದು ಮಾತ್ರ ಮುಟ್ಟುವುದಿಲ್ಲ. ಅಂಥ ಒಂದು ಏಕಾದಶಿ ಬೆಳಗ್ಗೆ ಅವರು ಬಚ್ಚಲಲ್ಲಿ ಉಗುಳಿದ್ದು ಕೆಂಪಗಿತ್ತು.

"ಎಲೆ ಹಾಕ್ಕೊಂಡ್ರಾ ಅತ್ತೆ?"

"ಏಕಾದಸಿ ದಿನ ಎಲೆ ಹಾಕ್ತೀನೇನೇ? ನಿನ್ ಬುದ್ಧಿ ಎಲ್ಲಿ ಮೇಯಕ್ಕೋಗೈತೆ?"

ಬಾಯಿ ತೆರೆಸಿ ನೋಡಿದೆ. ಒಸಡಿನಿಂದ ರಕ್ತ ಜಿನುಗುತ್ತಿತ್ತು. ಪೆಟ್ಟೇ ಬೀಳದ ತೋಳಿನ ಮೇಲೆ ನೀಲಿ ಕಲೆಗಳು. ಎಲೆಯ ಕೆಂಪು ಎಷ್ಟು ದಿನದಿಂದ ಈ ಕೆಂಪನ್ನು ಮುಚ್ಚಿತ್ತೋ, ಆ ದೇವರೇ ಬಲ್ಲ.

ಹೊಸೂರಿಗೆ ಹೊರಟ ಆಟೋದಲ್ಲಿ ಮೂಗಿನಿಂದಲೂ ರಕ್ತ ಬಂತು. ಸೆರಗೊತ್ತಿ ಹಿಡಿದು ವೆಂಕಟರಮಣನನ್ನು ನೆನೆದೆ. ಅತ್ತೆ ನನ್ನ ಕೈ ಅದುಮಿದರು.

"ಆ ಹನಿ ವಿಸ್ಯ ಡಾಕ್ಟ್ರಿಗೆ ಹೇಳ್ಬ್ಯಾಡ ಕಣಮ್ಮಿ. ಕಿತ್ಕೊಂಬುಡ್ತಾರೆ. ಈಗ್ತಾನೆ ಒಸಿ ನಿದ್ದೆ ಕಂಡಿವ್ನಿ."

ಆಸ್ಪತ್ರೆಯಲ್ಲಿ ಐಎನ್‌ಆರ್ ನೋಡಿದರು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಪರೀಕ್ಷೆ ಅದು. ಮಿತಿ ಮೀರಿತ್ತು.

"ಮಾತ್ರೆ ಜಾಸ್ತಿ ಕೊಟ್ರಾ? ಬೇರೆ ಏನಾದ್ರೂ ತಗೊಂಡ್ರಾ?" ಎಂದರು ಡಾಕ್ಟರಮ್ಮ.

ಅತ್ತೆ ನನ್ನನ್ನೇ ದಿಟ್ಟಿಸಿದರು. ನಾನು ಚೀಲದಿಂದ ಸೀಸೆ ತೆಗೆದು ಮೇಜಿನ ಮೇಲಿಟ್ಟೆ.

"ಇದು ವಾರ್ಫರಿನ್ನನ್ನ ಮೈಯಲ್ಲೇ ಉಳಿಸ್ಬಿಡುತ್ತಮ್ಮ. ಅದೇ ಮಾತ್ರೆ, ಎರಡರಷ್ಟು ನುಂಗಿದ ಹಾಗೆ."

ತಲೆಯೊಳಗೆ ರಕ್ತ ಸೋರಿಲ್ಲವೆಂದು ಸ್ಕ್ಯಾನ್ ಹೇಳುವವರೆಗೂ ನಾನು ಕೂರಲಿಲ್ಲ. ಹನಿ ನಿಲ್ಲಿಸಿದರು, ಮಾತ್ರೆಯನ್ನು ಹದಕ್ಕೆ ತಂದರು, ಅತ್ತೆ ಮನೆಗೆ ಬಂದರು.

ಗುಣ ಕೊಟ್ಟ ಔಷಧಿಯನ್ನೂ ಡಾಕ್ಟರ ಮುಂದೆ ಬಚ್ಚಿಡಬಾರದು, ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮಂಡಿನೋವು ಮರಳಿದೆ. ಬಿಸಿನೀರಿನ ಶಾಖ ಕೊಡುವಾಗೆಲ್ಲ "ನನ್ ನಿದ್ದೆ ಕಿತ್ಕೊಂಡೋಳು" ಎಂದು ಬೈಯುತ್ತಾರೆ. ಬೈಯಲು ಅವರಿದ್ದಾರಲ್ಲ, ಅಷ್ಟು ಸಾಕೆಂದು ಕೇಳಿಸಿಕೊಳ್ಳುತ್ತೇನೆ.