ಬೆಳ್ಳಿ ಮಸಿಯ ನ್ಯೋ ಮ್ಯಾ

ರಂಗೂನಿನ ಮೂವತ್ತಮೂರನೇ ಬೀದಿಯ ಪ್ರೆಸ್ಸಿನಲ್ಲಿ ನ್ಯೋ ಮ್ಯಾ ಹದಿನೇಳು ವರ್ಷ ಮಾಡಿದ್ದು ಒಂದೇ ಕೆಲಸ, ಅಚ್ಚಾದದ್ದನ್ನು ಅಳಿಸುವುದು. ಮಿಲಿಟರಿ ಸರ್ಕಾರಕ್ಕೆ ಕೈಬರಹ ತೋರಿಸಿದರೆ ಸಾಲದು. ಪತ್ರಿಕೆಯನ್ನು ಪೂರಾ ಅಚ್ಚು ಹಾಕಿ ತಪಾಸಣೆ ಕಚೇರಿಗೆ ಒಯ್ಯಬೇಕು. ಅವರು ಗೆರೆ ಎಳೆದ ಸಾಲಿನ ಮೇಲೆ ಮೂರು ಸಾವಿರ ಪ್ರತಿಗಳಲ್ಲೂ ಬೆಳ್ಳಿ ಬಣ್ಣದ ಮಸಿ ಬಳಿಯಬೇಕು. ಇಂಥ ಬುದ್ಧಿ ಹೊಳೆದವನ ಕೈ ಬಿದ್ದುಹೋಗಲಿ!

ಒಂದು ವರ್ಷ ಬರಹಗಾರರೆಲ್ಲ ಸೇರಿ ಹಟ ಹಿಡಿದರು. ಹೆದರಿಕೊಂಡು ತಾವಾಗಿ ಒಂದಕ್ಷರವನ್ನೂ ಬಿಡುವುದಿಲ್ಲ. ಅಳಿಸುವುದಾದರೆ ಸರ್ಕಾರವೇ ಅಳಿಸಲಿ, ಬೆಳ್ಳಿ ಬಳಿದ ಪುಟಗಳನ್ನು ಜನ ನೋಡಲಿ. ಅವರಲ್ಲಿ ನ್ಯೋ ಮ್ಯಾಳ ತಮ್ಮ ಸೋ ಲಿನ್ ಕೂಡ ಒಬ್ಬ. ತಾಯಿ ಸತ್ತ ಮೇಲೆ ಅವಳೇ ಸಾಕಿದವನು. ಅವನ ಪದ್ಯದ ನಾಲ್ಕು ಸಾಲಿಗೆ ಗೆರೆ ಬಿತ್ತು.

"ಅಕ್ಕಾ, ಚೆನ್ನಾಗಿ ಬಳಿ. ಪಗೋಡದ ಥರ ಹೊಳೀಬೇಕು."

"ಮುಚ್ಚೋ ಬಾಯಿ. ಮೊದ್ಲು ಊಟ ಮಾಡು."

ಬಳಿಯಲು ಅವಳಿಗೆ ಕೈ ಬರಲಿಲ್ಲ. ಮಸಿಗೆ ಟರ್ಪೆಂಟೈನ್ ಸುರಿದು ತೆಳ್ಳಗೆ ಮಾಡಿದಳು. ಹಸಿಯಿದ್ದಾಗ ಹೊಳೆಯಿತು, ತಪಾಸಣೆಯವನು ಠಸ್ಸೆ ಒತ್ತಿದ. ಒಣಗಿದ ಮೇಲೆ ಬಿಸಿಲಿಗೆ ಹಿಡಿದರೆ ಅಕ್ಷರ ಸ್ಪಷ್ಟ. ಪತ್ರಿಕೆ ಕೊಂಡವರು ಮೊದಲು ಬಿಸಿಲಿಗೆ ಹಿಡಿಯುವ ಊರು ಅದು. ವಾರದೊಳಗೆ ಚಹಾದಂಗಡಿಗಳಲ್ಲಿ ಆ ನಾಲ್ಕು ಸಾಲು ಬಾಯಿಪಾಠವಾಯಿತು. ಕೇಳಿಸಿಕೊಂಡ ನ್ಯೋ ಮ್ಯಾ ಹಿಗ್ಗಿ ಅತ್ತಳು. ಜ್ವರ ಬಂದು ಆ ವಾರವೆಲ್ಲ ಮನೆಯಲ್ಲೇ ಮಲಗಿದ್ದ ತಮ್ಮನಿಗೂ ಗುಟ್ಟು ಬಿಡಲಿಲ್ಲ, ದುಡುಕು ಬಾಯಿಯವನು ಎಂದು.

ಎಂಟನೇ ದಿನ ಅವನನ್ನು ಎಳೆದೊಯ್ದರು. ಮುಚ್ಚಿದ ಕೋಣೆಯಲ್ಲಿ ವಿಚಾರಣೆ, ಕಾರಣವನ್ನೂ ಹೇಳದೆ ಏಳು ವರ್ಷ ಸಜೆ. ಪ್ರೆಸ್ಸಿನ ಯಜಮಾನ ಊ ಚಿಟ್ ಪೇ ಕಚೇರಿಯಲ್ಲಿ ವಿಚಾರಿಸಿಕೊಂಡು ಬಂದ.

"ಅಳಿಸಿದ ಸಾಲಿಗೆ ಯಾರ್ನೂ ಹಿಡಿಯಲ್ವಂತೆ. ಜನ ಹಾಡ್ಕೊಂಡ್ರಲ್ಲ, ಅದಕ್ಕೇ ಹಿಡಿದ್ರಂತೆ."

"ಮಸಿ ತೆಳ್ಳಗೆ ಮಾಡಿದ್ದು ನಾನು. ಹೋಗಿ ಹೇಳ್ತೀನಿ."

"ಹೇಳಿದ್ರೆ ಅವ್ನು ಹೊರಗೆ ಬರಲ್ಲ ಕಣಮ್ಮ, ನೀನು ಒಳಗೆ ಹೋಗ್ತೀಯ. ಆಮೇಲೆ ಅವ್ನಿಗೆ ಅನ್ನ ಒಯ್ಯೋರು ಯಾರು?"

ಮುಂದಿನ ತಿಂಗಳು ಅವಳು ಬಳಿದ ಮಸಿ ಎಷ್ಟು ದಪ್ಪಗಿತ್ತೆಂದರೆ ಕಾಗದವೇ ಸೊಟ್ಟಗಾಯಿತು.

ಭೇಟಿಗೆ ಸಿಕ್ಕಿದ್ದು ಹದಿನೈದು ನಿಮಿಷ. ಕಂಬಿಯಾಚೆ ತಮ್ಮ ಕಡ್ಡಿಯಾಗಿದ್ದ. ಪಕ್ಕದಲ್ಲಿ ಕಾವಲಿನವನು ಆಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ.

"ಅಕ್ಕಾ, ಒಂದೇ ಒಂದು ಹೇಳು. ನನ್ನ ಸಾಲು ಯಾರಾದ್ರೂ ಓದಿದ್ರಾ? ಇಲ್ಲಾ ಮಸಿ ಕೆಳಗೇ ಸತ್ತೋಯ್ತಾ?"

ಓದಿದರು, ಈಗಲೂ ಹಾಡುತ್ತಾರೆ ಎಂದು ಕಾವಲಿನವನ ಹಾಳೆಗೆ ಬಿದ್ದರೆ ತಮ್ಮನ ಸಜೆಗೆ ಇನ್ನಷ್ಟು ವರ್ಷ ಸೇರುತ್ತದೆ. ಅವಳು ಕಾವಲಿನವನ ಪೆನ್ನು ನೋಡಿದಳು.

"ಇಲ್ಲಪ್ಪಾ. ಯಾರೂ ಓದಿಲ್ಲ."

ಸೋ ಲಿನ್ ತಲೆ ತಗ್ಗಿಸಿದ. ಭೇಟಿಯ ಹೊತ್ತು ಇನ್ನೂ ಒಂಬತ್ತು ನಿಮಿಷ ಉಳಿದಿತ್ತು.