ಕಿಟಕಿ ಮುಚ್ಚಿ ಬೀದಿ ನೋಡುತ್ತಿದ್ದ ಚಂದ್ರಾ ಮಾವಶಿ

ಚಂದ್ರಾ ಮಾವಶಿಗೆ ಬೀದಿ ನೋಡಬೇಕೆನಿಸಿದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರು. ಕಿಟಕಿಗೆ ಅಗಳಿ ಹಾಕಿ, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿ, ಕೋಣೆ ಕತ್ತಲಾದ ಮೇಲೆ ಕಿಟಕಿಗೆ ಬೆನ್ನು ಮಾಡಿ ಕೂತು, ಎದುರಿನ ಸುಣ್ಣದ ಗೋಡೆಯನ್ನೇ ನೋಡುತ್ತ, "ಹಾಂ, ಈಗ ಯಾರ್ ಬರ್ತಾರ ನೋಡೂಣು" ಎನ್ನುತ್ತಿದ್ದರು. ಕಿಟಕಿಯ ಹಲಗೆಯಲ್ಲಿ ಜೋಳದ ಕಾಳಿನಷ್ಟು ಒಂದು ತೂತಿತ್ತು. ಹೊರಗೆ ಬಿಸಿಲು ಚುರುಗುಟ್ಟುವಾಗ ಆ ತೂತಿನಿಂದ ಬೆಳಕು ಒಳಗೆ ಬಂದು ಬೀದಿಗೆ ಬೀದಿಯೇ ಗೋಡೆಯ ಮೇಲೆ ಮೂಡುತ್ತಿತ್ತು. ಆದರೆ ತಲೆಕೆಳಗಾಗಿ. ಮಂದಿ ಕಾಲು ಮೇಲೆ ಮಾಡಿ ನಡೆಯುತ್ತಿದ್ದರು. ಕೊಡ ಹೊತ್ತ ಹೆಂಗಸು ತಲೆಕೆಳಗಾಗಿ ಹೋದರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಮೊದಲ ಸಲ ಅದನ್ನು ಕಂಡಾಗ ಬೇರೆ ಮಕ್ಕಳಾಗಿದ್ದರೆ ಬೆರಗಾಗುತ್ತಿದ್ದರು. ನನಗೆ ಬಂದದ್ದು ಚಿಂತೆ. ನಾಳೆ ಆ ಬೀದಿಯಲ್ಲಿ ನಾನು ನಡೆದರೆ ನನ್ನ ಲಂಗದ ಗತಿಯೇನು?

ಚಿಂತೆ ಮಾಡುವುದರಲ್ಲಿ ನಾನು ಆಗಲೂ ಹಿಂದೆ ಬಿದ್ದವಳಲ್ಲ, ಈಗ ನಲವತ್ತರ ಹತ್ತಿರ ಬಂದ ಮೇಲೆ ಕೈ ಇನ್ನಷ್ಟು ಪಳಗಿದೆ. ಹಾಲಿನವನು ತಡ ಮಾಡಿದರೆ ಅವನ ಎಮ್ಮೆಯ ಆರೋಗ್ಯದವರೆಗೆ ಹೋಗಿ ಬರುತ್ತೇನೆ.

ಮಾವಶಿ ಹುಮನಾಬಾದಿನಲ್ಲಿ ಹೋದ ವರ್ಷ ತೀರಿಕೊಂಡರು. ಅದಕ್ಕೂ ಮುಂಚೆ ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದರು. ಆಗಷ್ಟೇ ಟಿವಿ ತಂದಿದ್ದೆವು. ನನ್ನ ಮಗಳು ಒಂದು ಧಾರಾವಾಹಿಗೆ ಅಂಟಿಕೊಂಡಿದ್ದಳು. ಬಿಡಿಸಿದ ಚಿತ್ರಗಳೇ ಎದ್ದು ಓಡಾಡುವ ಧಾರಾವಾಹಿ ಅದು. ಯಾರೂ ಆಟಕ್ಕೆ ಸೇರಿಸಿಕೊಳ್ಳದ ಒಬ್ಬ ಹುಡುಗಿ, ಅವಳ ಗೆಳೆಯನಾಗುವ ಒಂದು ದೆವ್ವ. ಮಾತು ನಮಗ್ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ, ಮಗಳು ತನಗೆ ತೋಚಿದ್ದನ್ನು ಹೇಳುತ್ತಿದ್ದಳು. ಬೆಳಕು ಕಂಡರೆ ತಲೆ ಸಿಡಿಯುತ್ತಿದ್ದ ಮಾವಶಿ ಟಿವಿಗೂ ಬೆನ್ನು ಮಾಡಿ ಕೂತಿದ್ದರು.

"ಆ ದೆವ್ವ ಹ್ಯಾಂಗ ನಡೀತದ?" ಎಂದು ಕೇಳಿದರು.

"ಸೀದಾ ನಡೀತದ ಅಜ್ಜಿ."

"ಸೀದಾ ನಡೆದ್ರ ಅದೇನ್ ದೆವ್ವ ಆಯ್ತು? ಯಾರೋ ದಾರಿ ತಪ್ಪಿದಾವ ಇದ್ದಾನು."

ಮಗಳು ನಕ್ಕು ಉರುಳಿದಳು. ನನಗೆ ನಗಲಾಗಲಿಲ್ಲ. ಇಂಥದೇ ಧಾರಾವಾಹಿಯನ್ನು ನಾನು ಒಂಬತ್ತು ವರ್ಷದವಳಿದ್ದಾಗ, ಟಿವಿ ಎಂಬ ಹೆಸರು ಕೂಡ ಕೇಳಿರದ ಬಸವಕಲ್ಯಾಣದಲ್ಲಿ ನೋಡಿದ್ದೆ. ಅದರ ದೆಸೆಯಿಂದ ಒಬ್ಬ ಬದುಕಿದ್ದ ಮನುಷ್ಯ ದೆವ್ವವಾಗಿಬಿಟ್ಟಿದ್ದ.

ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದ ಹೊಸತು. ಮಾಸ್ತರರಿಗೇ ಓದಲು ತಡವರಿಸುತ್ತಿತ್ತು, ನನಗಂತೂ ಉಗ್ಗು. ಹೆಸರು ಹೇಳೆಂದರೆ 'ನೀ' ಎಂಬಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. "ನೀ ನೀ ನೀಲವ್ವಾ, ನಾ ನಾ ನಾನಲ್ಲವ್ವಾ" ಎಂದು ಹುಡುಗಿಯರು ಜಿಗಿಜಿಗಿದು ಹಾಡುತ್ತಿದ್ದರು. ಹಾಗಾಗಿ ನಾನು ಮಾತಾಡುವುದನ್ನೇ ಬಿಟ್ಟೆ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವ್ವ ನನ್ನನ್ನು ಮಾವಶಿಯ ಕೋಣೆಗೆ ಕಳಿಸುತ್ತಿದ್ದಳು, "ಹೋಗ, ಸೂಜಿ ಹಿಡಿಯೋದಾದ್ರೂ ಕಲಿ. ಅದಕ್ಕ ಬಾಯಿ ಬೇಕಾಗಂಗಿಲ್ಲ" ಎಂದು.

ಮಾವಶಿ ಗಾದಿ ಹೊಲಿಯುತ್ತಿದ್ದರು. ಗಂಡ ಸತ್ತ ಮೇಲೆ ಗುರುಪಾದಪ್ಪ ಸಾಹುಕಾರರ ಮನೆಯ ಬೀದಿ ಕಡೆಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ದಪ್ಪ ಮೈಯವರು, ಮೂಗಿನಲ್ಲಿ ನಶ್ಯ, ಬಾಯಲ್ಲಿ ಅರ್ಧ ಮರಾಠಿ, ಹಾಗಾಗಿ ಓಣಿಗೆಲ್ಲ ಚಿಕ್ಕಮ್ಮನ ಬದಲು ಮಾವಶಿ. ಪಿಂಜಾರ ಮಸ್ತಾನ್ ಸಾಬ್ ಹತ್ತಿ ಪಿಂಜಿ ತುಂಬಿ ಕೊಟ್ಟ ಗಾದಿಗಳನ್ನು ಕತ್ತಲಲ್ಲೇ ಕೈಯಿಂದ ಸವರಿ ಸವರಿ ದಬ್ಬಣದಲ್ಲಿ ಹೊಲಿಯುತ್ತಿದ್ದರು. ಹೊಲಿಯುತ್ತ ಕಥೆ. ಗೋಡೆಯ ಮೇಲೆ ಯಾರು ಮೂಡಿದರೆ ಅವರೇ ಆ ಹೊತ್ತಿನ ಪಾತ್ರ. ಕಥಾನಾಯಕನಂತೂ ತಪ್ಪದೆ ಬರುತ್ತಿದ್ದ. ಹತ್ತಿ ಪಿಂಜುವ ದೊಡ್ಡ ಬಿಲ್ಲು ಹೆಗಲಿಗಿಟ್ಟುಕೊಂಡು ಊಟಕ್ಕೆ ಮನೆಗೆ ಹೊರಟ ಮಸ್ತಾನ್ ಸಾಬ್, ಗೋಡೆಯ ಮೇಲೆ ಕಾಲು ಮೇಲಾಗಿ, ತಲೆ ನೆಲಕ್ಕಾಗಿ, ಒಂದೇ ರೆಕ್ಕೆಯ ಪ್ರಾಣಿಯ ಹಾಗೆ ತೇಲಿ ಹೋಗುತ್ತಿದ್ದ. ಕಥೆಯಲ್ಲಿ ಅವನ ಹೆಸರು ಉಲ್ಟಪ್ಪ. ಗೋಡೆಯೊಳಗೆ ಮನೆ ಮಾಡಿಕೊಂಡ ದೆವ್ವ.

ಉಲ್ಟಪ್ಪನ ಕಷ್ಟ ಹೇಳತೀರದು. ಅಂಗಿಯ ಕಿಸೆಯಲ್ಲಿಟ್ಟದ್ದೆಲ್ಲ ಕೆಳಗೆ ಉದುರುತ್ತದೆ. ರೊಟ್ಟಿ ತಿಂದರೆ ಅದು ಮೇಲಕ್ಕೆ ಹತ್ತಬೇಕು. ಅವನನ್ನು ಕಂಡು ಹೆದರದವಳು ಒಬ್ಬಳೇ ಹುಡುಗಿ, ಶಾಲೆಯಲ್ಲಿ ಯಾರೂ ಪಕ್ಕಕ್ಕೆ ಕೂಡಿಸಿಕೊಳ್ಳದವಳು. ಅವಳು ಲಂಗ ಚಾಚಿ ಅವನ ಕಿಸೆಯಿಂದ ಉದುರಿದ್ದನ್ನು ಹಿಡಿದು ಕೊಡುತ್ತಿದ್ದಳು. ಆ ಹುಡುಗಿ ನಾನೇ ಇರಬಹುದೇ ಎಂದು ತಿಂಗಳುಗಟ್ಟಲೆ ಚಿಂತಿಸಿದೆ. ಅಲ್ಲದಿದ್ದರೆ ಹೇಗೆ ಎಂದು ಅದಕ್ಕಿಂತ ಹೆಚ್ಚು ಚಿಂತಿಸಿದೆ.

ದಬ್ಬಣದ ದಾರ ಮುಗಿದರೆ ಅಂದಿನ ಕಥೆ ಮುಗಿದಂತೆ. ಉಲ್ಟಪ್ಪ ಬಾವಿಯ ಅಂಚಿನಲ್ಲಿರಲಿ, ಹುಡುಗಿಯ ಕೈ ಅವನ ಕೈಯಲ್ಲಿರಲಿ, "ದಾರ ತೀರ್ತು, ನಡೀ" ಎನ್ನುತ್ತಿದ್ದರು. ದಾರ ಪೋಣಿಸುವ ಕೆಲಸ ನನ್ನದಾದ ಮೇಲೆ ನಾನು ಗೋಡೆಯಿಂದ ಗೋಡೆಗೆ ಎಳೆಯುವಷ್ಟು ಉದ್ದ ದಾರ ಹಾಕಿದೆ. ಅದು ಮೊದಲ ಹೊಲಿಗೆಯಲ್ಲೇ ಗಂಟಾಯಿತು. ಅವತ್ತು ಕಥೆಯೂ ಇಲ್ಲ. ಮಾವಶಿ ಬೈಯಲಿಲ್ಲ. "ಅಗ ಹುಡುಗಿ, ದೆವ್ವಕ್ಕೂ ಊಟದ ಹೊತ್ತು ಇರ್ತದ" ಎಂದರಷ್ಟೆ.

ಆ ಕತ್ತಲಲ್ಲಿ ನನಗೆ ಉಗ್ಗು ಬರುತ್ತಿರಲಿಲ್ಲ. ನನ್ನ ಬಾಯಿಯನ್ನು ನೋಡುವವರು ಅಲ್ಲಿ ಯಾರೂ ಇರಲಿಲ್ಲ. "ಉಲ್ಟಪ್ಪ ನೀರು ಕುಡಿಯೋದು ಹ್ಯಾಂಗ?" ಎಂದು ಒಂದೇ ಉಸುರಿಗೆ ಕೇಳಿದ್ದು ನೆನಪಿದೆ. ಕೇಳಿ ನಾನೇ ಬೆಚ್ಚಿದ್ದೆ. ಇಡೀ ಊರಲ್ಲಿ ನನ್ನ ನಾಲಿಗೆ ನನ್ನ ಮಾತು ಕೇಳುತ್ತಿದ್ದ ಜಾಗ ಅದೊಂದೇ.

ಅದು ಕೈತಪ್ಪುವ ಹೊತ್ತು ಬಂದದ್ದು ಸಾಹುಕಾರರ ಮೊಮ್ಮಗಳು ಕಮಲಾಳಿಂದ. ನಾವೇನು ಮಾಡುತ್ತೇವೆಂದು ನೋಡಲು ಒಂದು ಮಧ್ಯಾಹ್ನ ಬಾಗಿಲು ತಳ್ಳಿ ಒಳಗೆ ಬಂದಳು. ಸರಿಯಾಗಿ ಆ ಗಳಿಗೆಯಲ್ಲೇ ಮಸ್ತಾನ್ ಸಾಬ್ ಗೋಡೆಯ ಮೇಲೆ ತೇಲಿದ. ಕಮಲಾ ಚೀರಿ ಓಡಿದಳು, ಮರುದಿನ ಜ್ವರ ಹಿಡಿದು ಮಲಗಿದಳು. "ಮಸ್ತಾನ ದೆವ್ವ ಆಗ್ಯಾನ, ಕಾಲು ಮ್ಯಾಲ ಮಾಡಿ ಗ್ವಾಡ್ಯಾಗ ನಡ್ಯಾಕತ್ತಿದ್ದ" ಎಂದು ಬಡಬಡಿಸಿದಳಂತೆ. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ಇಡೀ ಮನುಷ್ಯನೇ ಮೇಲುಕೆಳಗಾಗಿದ್ದ. ಮತ್ತೇನು ಸಾಕ್ಷಿ ಬೇಕು?

ಅದು ಮದುವೆಗಳ ಕಾಲ. ದೆವ್ವ ಪಿಂಜಿದ ಹತ್ತಿಯ ಮೇಲೆ ಮದುಮಕ್ಕಳನ್ನು ಮಲಗಿಸುವವರು ಯಾರು? ಕೊಟ್ಟ ಹತ್ತಿಯನ್ನು ಮಂದಿ ವಾಪಸು ಒಯ್ದರು. ಮಸ್ತಾನ್ ಸಾಬ್ ಬಿಲ್ಲು ಹೊತ್ತು ಮುಡಬಿಯ ತನಕ ಹೋಗಿ ಬಂದ, ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಬಂದವನು ಮಾವಶಿಯ ಹೊಸ್ತಿಲಾಚೆ ನಿಂತ.

"ಬಾಯಾರ, ಇಷ್ಟ ವರ್ಷ ನಿಮ್ಮ ಗಾದಿಗೆ ಹತ್ತಿ ಪಿಂಜೀನಿ. ಒಂದು ಹತ್ತಿಕಾಳು ಬಂದದೇನು ಅದರಾಗ? ಮತ್ತ ನೀವು ನನ್ನ ದೆವ್ವ ಮಾಡೀರಿ."

"ನಾ ಒಳ್ಳೇ ದೆವ್ವಾನೇ ಮಾಡಿದ್ನೋ ಮಸ್ತಾನ..."

"ಒಳ್ಳೇದಕ್ಕ ಯಾರ್ ಹತ್ತಿ ಕೊಡ್ತಾರ್ರಿ?"

ಅಷ್ಟರಲ್ಲಿ ಗುರುಪಾದಪ್ಪ ಸಾಹುಕಾರರೂ ಬಂದರು. "ಇಂಥಾವೆಲ್ಲ ನನ್ನ ಮನ್ಯಾಗ ನಡೆಯಂಗಿಲ್ಲ. ಕ್ವಾಣಿ ಖಾಲಿ ಮಾಡ್ರಿ."

"ನಾಳಿ ಮಧ್ಯಾಹ್ನ ಬಂದು ನೀವೇ ನೋಡ್ರಿ ಸಾವಕಾರ್ರೇ," ಎಂದರು ಮಾವಶಿ. "ಬೀದ್ಯಾಗ ಹೋಗೋರೇ ಗ್ವಾಡಿ ಮ್ಯಾಲ ಕಾಣೋದು. ಅಲ್ಲ ಅಂತ ಆದ್ರ ನಾನೇ ಗಂಟು ಕಟ್ತೀನಿ."

ಮರುದಿನ ಮೋಡ ಕವಿಯಿತು.

ಸಾಹುಕಾರರು, ಅವರ ಸೊಂಟ ಹಿಡಿದ ಕಮಲಾ, ಓಣಿಯ ನಾಲ್ಕಾರು ಮಂದಿ ಕತ್ತಲ ಕೋಣೆಯಲ್ಲಿ ಬೆವರುತ್ತ ಕೂತರು. ಬೀದಿಯಲ್ಲಿ ಅತ್ತಿತ್ತ ನಡೆಯುವ ಕೆಲಸ ನನ್ನದು. ಮಾವಶಿಯ ಅಪ್ಪಣೆಯಂತೆ ನಡೆದೆ. ಕಿಟಕಿಯಿಂದ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

"ಏನೂ ಕಾಣವಲ್ದು."

"ನಾವು ಬಂದೀವಂತ ದೆವ್ವ ಅಡಗ್ಯಾವ ನೋಡ್ರಿ, ಚಾಲಾಕಿ ಇರ್ತಾವ."

"ಮೋಡ ಸರೀಲಿ, ಸ್ವಲ್ಪ ತಡೀರಿ," ಎಂದರು ಮಾವಶಿ.

"ಎಷ್ಟಂತ ತಡೀಬೇಕ್ರಿ?" ಸಾಹುಕಾರರ ದನಿ. "ನೋಡ್ರಿ, ಆ ಕೈಯಾಗಿನ ದಾರ ತೀರೋ ತನಕ ಕೂಡ್ತೀನಿ. ಆಮ್ಯಾಲ ನಿಮ್ಮ ಹಾದಿ ನಿಮಗ."

ಅವತ್ತಿನ ದಾರ ಪೋಣಿಸಿದವಳು ನಾನು. ಹಿಂದೆ ಗಂಟಾದದ್ದಕ್ಕೆ ಹೆದರಿ ಚಿಕ್ಕದನ್ನೇ ಹಾಕಿದ್ದೆ. ಒಳಗೆ ದಬ್ಬಣ ಬಟ್ಟೆಗೆ ನುಗ್ಗುವ ಸಪ್ಪಳ, ದಾರ ಎಳೆಯುವ ಸಪ್ಪಳ. ಮತ್ತೆ ನುಗ್ಗುವ ಸಪ್ಪಳ. ತಡೆಯಲಾರದೆ ತೂತಿಗೆ ಕಣ್ಣಿಟ್ಟೆ. "ಯಾರದು, ತೂತು ಬಿಡು!" ಎಂದು ಮಾವಶಿ ಗದರಿದರು.

ತಿರುಗಿ ನೋಡಿದರೆ ಓಣಿಯ ಆ ತುದಿಯಲ್ಲಿ ಬಿಸಿಲು ಬಿದ್ದಿತ್ತು. ಮೋಡದ ನೆರಳು ಮನೆಯಿಂದ ಮನೆಗೆ ಸರಿಯುತ್ತಿತ್ತು. ಎದುರಿನ ಬೇವಿನ ಗಿಡದ ಕೆಳಗೆ ಮಸ್ತಾನ್ ಸಾಬ್ ಬಿಲ್ಲು ಹೆಗಲಿಗೇರಿಸಿ ನಿಂತಿದ್ದ. ನಾನು ನಡೆದರೆ ಸಾಲದು ಎಂಬುದು ನನಗೂ ಹೊಳೆಯಿತು. ಕಮಲಾ ಕಂಡದ್ದು ಅವನನ್ನು. ಅವನೇ ಗೋಡೆಯ ಮೇಲೂ ಬರಬೇಕು, ಬೀದಿಯಲ್ಲೂ ಇರಬೇಕು. ಓಡಿ ಅವನ ಮುಂದೆ ನಿಂತೆ.

"ನ... ನ... ನ..."

'ನಡೀರಿ' ಎಂಬ ಮೂರೇ ಅಕ್ಷರ. ಬರಲಿಲ್ಲ.

"ಏನ್ ಬೇಟಿ? ನಾ ಆ ಕಿಟಕಿ ಮುಂದ ಹಾಯಬೇಕೇನು?" ಎಂದ. "ಬ್ಯಾಡ. ನನ್ನ ಉಲ್ಟಾ ಮಾಡಿ ಗ್ವಾಡಿಗಿ ಹಚ್ಚಿ ಮಂದಿ ನೋಡೋದಾ? ಆಗಿದ್ದು ಸಾಲಂಗಿಲ್ಲೇನು?"

ಬಿಸಿಲು ಸಾಹುಕಾರರ ಕಟ್ಟೆಗೆ ಬಂದಿತ್ತು. ನನ್ನ ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡಿತ್ತು. ಮತ್ತೇನೂ ತೋಚದೆ ಬಿಲ್ಲಿನ ತುದಿ ಹಿಡಿದು ಜಗ್ಗಿದೆ. ಅವನು ಹಿಂದಕ್ಕೆ ಜಗ್ಗಿದ. ನಾನು ಮತ್ತೆ ಜಗ್ಗಿದೆ. ಬಿಲ್ಲಿನ ನರ ಟಂಯ್ ಎಂದಿತು. ಅವನು ನನ್ನ ಮುಖ ನೋಡಿದ. ನಾನು ಅಳುತ್ತಿದ್ದೆನಂತೆ, ನನಗೆ ಅದು ಗೊತ್ತಿರಲಿಲ್ಲ. "ಅರೇ ಅಲ್ಲಾ" ಎಂದವನೇ ಬೀದಿಗಿಳಿದು, ಬಿಸಿಲಲ್ಲಿ, ಕಿಟಕಿಯ ಮುಂದೆ ಹಾದ.

ಒಳಗೆ ಕಮಲಾ ಚೀರಿದಳು. "ಅಲಲಲಾ, ಕಾಲು ಮ್ಯಾಲ!" ಎಂದು ಯಾರೋ ಕೂಗಿದರು. ಬಾಗಿಲಿಗೆ ಧಡಧಡ ಸಪ್ಪಳ. ಎಲ್ಲ ಕೆಟ್ಟಿತೆಂದು ನಾನು ಕಣ್ಣು ಮುಚ್ಚಿದೆ. ಆಗ ಸಾಹುಕಾರರ ದನಿ ಕೇಳಿತು.

"ಏ ತಡೀರಿ, ತಡೀರಿ. ಅವನ ಹಿಂದ ಬರಾಕತ್ತದಲ್ಲ, ಆ ಎಮ್ಮಿ... ಮುರುಕ ಕೋಡು... ಏ ಅದು ನಮ್ಮ ಎಮ್ಮಿ!"

ಧೋತರ ಎತ್ತಿ ಹಿಡಿದು ಹೊರಗೆ ಓಡಿ ಬಂದರು. ಗೂಟ ಕಿತ್ತುಕೊಂಡ ಎಮ್ಮೆ ಹಗ್ಗ ಎಳೆಯುತ್ತ ಕಿಲ್ಲೆಯ ಕಡೆಗೆ ಹೊರಟಿತ್ತು. ಸಾಹುಕಾರರು ಹಗ್ಗ ಹಿಡಿದು ನಿಲ್ಲಿಸಿ, ಎಮ್ಮೆಯ ನಾಲ್ಕೂ ಕಾಲು ನೋಡಿದರು. ನೆಲದ ಮೇಲೇ ಇದ್ದವು. ಆಮೇಲೆ ಮಸ್ತಾನ್ ಸಾಬನ ಕಾಲು ನೋಡಿದರು.

"ಮಸ್ತಾನ, ನೀ ಜೀವಂತ ಇದ್ದೀಯಲ್ಲೋ!"

"ಈಗ ತನಕ ಇದ್ದೇನ್ರಿ ಸಾವಕಾರ್ರೇ. ಹತ್ತಿ ಕೊಡಲಿಲ್ಲಂದ್ರ ಮುಂದಿಂದು ಗೊತ್ತಿಲ್ಲ."

ಸಾಹುಕಾರರು ಅಲ್ಲೇ, ಎಲ್ಲರೆದುರು, ಮೊಮ್ಮಗಳ ಗಾದಿಯ ಹತ್ತಿ ಅವನಿಗೇ ಎಂದು ಹೇಳಿದರು. ಅಲ್ಲಿಂದ ಅವನ ಬಿಲ್ಲು ಮತ್ತೆ ನುಡಿಯತೊಡಗಿತು. ಮಾವಶಿಯ ಪಾಲಿಗೂ ಎಲ್ಲ ನೆಟ್ಟಗಾಯಿತೆಂದು ನಾನು ಒಂದೇ ಒಂದು ಸಂಜೆ ಚಿಂತೆಯಿಲ್ಲದೆ ಉಂಡೆ.

ಮರುದಿನ ಓಣಿಯ ಹೆಂಗಸರು ನೀರಿನ ಹಾದಿಯಲ್ಲಿ ಗುಂಪಾಗಿ ನಿಂತಿದ್ದರು. "ಹಂಗಾರ ನಾವು ಹೋಗೋದು, ಬರೋದು, ಸೆರಗು ಸರಿ ಮಾಡ್ಕೊಳ್ಳೋದು, ಎಲ್ಲಾ ಈಕಿ ಒಳಗ ಕೂತು ನೋಡಾಕತ್ತಿದ್ಲಾ?" ದೆವ್ವವಾಗಿದ್ದರೆ ನಿಂಬೆಹಣ್ಣು ಕಟ್ಟಿ ಹೇಗೋ ನಿಭಾಯಿಸುತ್ತಿದ್ದರು. ಇದಕ್ಕೆ ಅವರ ಬಳಿ ಮದ್ದಿರಲಿಲ್ಲ. ಸಾಹುಕಾರರಿಗೂ ತಾವು ಬೀದಿಯಲ್ಲಿ ಏನೇನು ಮಾಡಿದ್ದೆವೆಂದು ನೆನಪಾಗಿರಬೇಕು. ತೂತಿಗೆ ಕಟ್ಟಿಗೆಯ ಬೆಣೆ ಬಡಿಸಿದರು. ಮಾವಶಿ ಇರಬಹುದು, ಆದರೆ ಹಗಲೆಲ್ಲ ಕಿಟಕಿ ತೆರೆದಿರಬೇಕು ಎಂದರು.

ಮಾವಶಿ ಆ ಬೆಳಕಿನಲ್ಲಿ ಕೆಲವೇ ದಿನ ತಡೆದರು. ತಲೆನೋವಿಗೆ ವಾಂತಿ ಶುರುವಾಯಿತು. ಹುಮನಾಬಾದಿನಲ್ಲಿದ್ದ ಅಣ್ಣನ ಮಗನಿಗೆ ಹೇಳಿ ಕಳಿಸಿದರು. ಮುಂದೆ ನಾನು ಮದುವೆಯಾಗಿ ಅದೇ ಊರಿಗೆ ಬಂದದ್ದು, ಅವರ ಬಾಗಿಲು ತಟ್ಟಿದ್ದು ಎಷ್ಟೋ ವರ್ಷಗಳ ನಂತರದ ಮಾತು. ಆಗ ನನಗೆ ಗೊತ್ತಿದ್ದದ್ದು ಮಾವಶಿ ಹೋಗುತ್ತಾರೆ ಎಂಬುದಷ್ಟೆ.

ಕೊನೆಯ ಮಧ್ಯಾಹ್ನ ಹೋದಾಗ ಕೋಣೆಯ ತುಂಬ ಬಿಸಿಲು. ಮೂಲೆ ಮೂಲೆಯೂ ಕಾಣುತ್ತಿತ್ತು, ನನ್ನ ಬಾಯಿಯೂ ಕಾಣುತ್ತಿದ್ದಿರಬೇಕು. ನಾನು ಬಾಗಿಲಲ್ಲೇ ನಿಂತೆ. ಮಾವಶಿ ಗಾದಿಯ ಕೆಂಪು ಬಟ್ಟೆಯ ತುಂಡೊಂದನ್ನು ಕಣ್ಣಿಗೆ ಬಿಗಿದು ಕಟ್ಟಿಕೊಂಡು, ಕೈಯಲ್ಲಿ ದಬ್ಬಣ ಹಿಡಿದು ಕೂತಿದ್ದರು.

"ಬಾ. ನನಗೇನೂ ಕಾಣಂಗಿಲ್ಲ, ನೀನೂ ಕಾಣಂಗಿಲ್ಲ. ಕಿಟಕಿಗಿ ನಿಂತು ಹೇಳ, ಯಾರ್ ಬರಾಕತ್ಯಾರ? ನೀ ಹೇಳಿದ್ರ ನಾ ಕಥಿ ಮುಂದ ನಡಸ್ತೀನಿ."

ಕಿಟಕಿಗೆ ಹೋದೆ. ಬಿಸಿಲು ಮುಖಕ್ಕೆ ಹೊಡೆಯಿತು. ಬೀದಿಯಲ್ಲಿ ಮಸ್ತಾನ್ ಸಾಬ್ ಬರುತ್ತಿದ್ದ, ಬಿಲ್ಲು ಹೆಗಲಿಗೆ, ತಲೆ ಮೇಲಕ್ಕೆ.

"ಮ... ಮ..."

"ಹೇಳ."

"ಮ... ಮಸ್..."

ಅವನು ಕಿಟಕಿಯ ಹತ್ತಿರ ಬಂದ. ಇನ್ನೆರಡು ಹೆಜ್ಜೆಗೆ ದಾಟಿ ಹೋಗುತ್ತಾನೆ, ಹೆಸರು ನನ್ನ ಬಾಯಲ್ಲೇ ಉಳಿಯುತ್ತದೆ. ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಅವನ ಕಿವಿಗೆ ಬಿತ್ತೇನೋ, ತಿರುಗಿ ನೋಡಿದ. ನನ್ನನ್ನು ನೋಡಿದ, ಒಳಗೆ ಕಣ್ಣು ಕಟ್ಟಿಕೊಂಡು ಕೂತ ಮಾವಶಿಯನ್ನು ನೋಡಿದ. ಬಿಲ್ಲನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ನಾನು ಅವನ ಹೆಸರು ಹೇಳಿ ಮುಗಿಸುವ ತನಕ ಆ ಉರಿಬಿಸಿಲಲ್ಲಿ ಹಾಗೆಯೇ ನಿಂತ.